ಹದಿನೇಳು ಡಿಗ್ರಿಯ ಬಿಸಿಲಲ್ಲಿ ಸಂಡಿಗೆ: ಮ್ಯಾಂಚೆಸ್ಟರಿನ ವಸಂತ, ಮುನ್ಸೂಚನೆ ಮತ್ತು ನನ್ನ ಅನುಭವ

ಹದಿನೇಳು ಡಿಗ್ರಿಯಲ್ಲಿ ಒತ್ತು ಸಂಡಿಗೆ ಎರಡು ದಿನಕ್ಕೆ ಪಟಪಟ ಮುರಿಯುವಷ್ಟು ಒಣಗುತ್ತದೆ. ಈ ಮಾತಿಗೆ ಇಲ್ಲಿನ ನಮ್ಮವರು ನಕ್ಕಿದ್ದೇ ಹೆಚ್ಚು. "ಬಟ್ಟೆಯೇ ಒಣಗಲ್ಲ, ಸಂಡಿಗೆ ಒಣಗುತ್ತಾ?" ಎಂದು ಕೇಳಿದವರ ಅಡುಗೆಮನೆಯಲ್ಲೂ ಈಗ ನಮ್ಮ ಡಬ್ಬಿ ಇದೆ. ಕೆಲವು ವರ್ಷಗಳಿಂದ ಏಪ್ರಿಲ್ ನಡುವಿನಿಂದ ಜೂನ್ ಮೊದಲ ವಾರದೊಳಗೆ ವರ್ಷಕ್ಕಾಗುವಷ್ಟು ಮುಗಿಸಿಬಿಡುತ್ತೇನೆ. ಹಿಟ್ಟು ಕಾಸುವುದು, ಒತ್ತುವುದು ನಿಮಗೆ ಗೊತ್ತೇ ಇದೆ, ಅದನ್ನು ಬರೆಯಲು ಹೋಗುವುದಿಲ್ಲ. ಇಲ್ಲಿ ಕಷ್ಟ ಇರುವುದು ದಿನ ಆರಿಸುವುದರಲ್ಲಿ.

ಊರಿನಲ್ಲಿ ಬಿಸಿಲು ನೋಡಿ ಸಂಡಿಗೆ ಇಡುತ್ತೇವೆ. ಇಲ್ಲಿ ನೋಡಬೇಕಾದದ್ದು ಗಾಳಿಯ ತೇವಾಂಶ. ಮೇ ತಿಂಗಳ 17 ಡಿಗ್ರಿ, ತೇವಾಂಶ ಶೇ 40 ಇರುವ ಮಧ್ಯಾಹ್ನ, ಜುಲೈ ತಿಂಗಳ 21 ಡಿಗ್ರಿ, ತೇವಾಂಶ ಶೇ 70 ಇರುವ ಮಧ್ಯಾಹ್ನಕ್ಕಿಂತ ಸಲೀಸಾಗಿ ನೀರು ಎಳೆಯುತ್ತದೆ. ಜುಲೈ ಹೊತ್ತಿಗೆ ಸುತ್ತಲ ಸಮುದ್ರ ಬೆಚ್ಚಗಾಗಿ ಗಾಳಿ ತುಂಬ ನೀರು ಹೊತ್ತಿರುತ್ತದೆ. ವಸಂತದಲ್ಲಿ ಸಮುದ್ರ ಇನ್ನೂ ತಣ್ಣಗೆ, ಗಾಳಿಯಲ್ಲಿ ನೀರು ಕಡಿಮೆ, ಹಗಲು ಮಾತ್ರ ಉದ್ದ. ಮೇ ನಡುವಿಗೆ ಮ್ಯಾಂಚೆಸ್ಟರಿನಲ್ಲಿ ಬೆಳಿಗ್ಗೆ ಐದೂಕಾಲಿಗೆ ಸೂರ್ಯ ಹುಟ್ಟಿದರೆ ಮುಳುಗುವುದು ರಾತ್ರಿ ಒಂಬತ್ತರ ಹೊತ್ತಿಗೆ. ಬೆಂಗಳೂರಿನ ಹನ್ನೆರಡೂಮುಕ್ಕಾಲು ಗಂಟೆಯ ಹಗಲಿಗೆ ಹೋಲಿಸಿ ನೋಡಿ.

ಉಷ್ಣಾಂಶ ನಂಬಿ ಹಾಕುವವರಿಗೆ 2024ರ ಮೇ ಒಳ್ಳೆಯ ಪಾಠ. ಸರಾಸರಿ ಉಷ್ಣಾಂಶದ ಲೆಕ್ಕದಲ್ಲಿ ಬ್ರಿಟನ್ನಿನ ದಾಖಲೆ ಮುರಿದ ಮೇ ಅದು, ಆದರೆ ಬೆಚ್ಚಗಿದ್ದದ್ದು ಮುಖ್ಯವಾಗಿ ರಾತ್ರಿಗಳು. ಹಗಲು ಮೋಡ. ಸಂಡಿಗೆಗೆ ಆ ತಿಂಗಳು ದಂಡ. ಮರುವರ್ಷ, 2025ರಲ್ಲಿ, ಏನೂ ನೋಡದೆ ಹಾಕಿದವರದೂ ಒಣಗಿತು. ದಾಖಲೆಯಲ್ಲೇ ಅತಿ ಹೆಚ್ಚು ಬಿಸಿಲು ಬಿದ್ದ ವಸಂತ ಅದು. ಇಂಗ್ಲೆಂಡಿಗಂತೂ ನೂರು ವರ್ಷಕ್ಕೂ ಮೀರಿದ ಅವಧಿಯಲ್ಲಿ ಅತ್ಯಂತ ಒಣ ವಸಂತ. ಆ ವರ್ಷ ಕಲಿತವರು ತಮಗೆ ಕೈ ಕುದುರಿತು ಎಂದುಕೊಂಡರೆ ಕಷ್ಟ.

ಮುನ್ಸೂಚನೆಯಲ್ಲಿ ದಿನಕ್ಕೊಂದು ತೋರಿಸುವ ಸೂರ್ಯನ ಚಿತ್ರ, ಮೋಡದ ಚಿತ್ರ ನನಗೆ ಬೇಡ. ಬ್ರಿಟನ್ನಿನ ಹವಾಮಾನ ಇಲಾಖೆಯಾದ ಮೆಟ್ ಆಫೀಸ್ ಪುಟದಲ್ಲಿ ಗಂಟೆವಾರು ಪಟ್ಟಿ ತೆರೆದರೆ ಕೆಳಗೆ ತೇವಾಂಶದ ಸಾಲು ಸಿಗುತ್ತದೆ. ಮಧ್ಯಾಹ್ನ ಮೂರು ಗಂಟೆಯ ಅಂಕಿ ನೋಡಿ. ಐವತ್ತಕ್ಕಿಂತ ಕೆಳಗಿದ್ದರೆ ಧೈರ್ಯವಾಗಿ ಹಾಕಿ. ಐವತ್ತರಿಂದ ಅರವತ್ತಾದರೆ ತೆಳ್ಳಗೆ ಒತ್ತಿದ್ದು ಮಾತ್ರ, ಚಮಚದಲ್ಲಿ ಬಿಡುವ ಸಂಡಿಗೆ ಬೇಡ. ಅರವತ್ತೈದು ದಾಟಿದರೆ ಆಕಾಶ ಎಷ್ಟೇ ನೀಲಿಯಾಗಿದ್ದರೂ ಹಿಟ್ಟು ಕಾಸಬೇಡಿ. ಗಾಳಿ ಗಂಟೆಗೆ ಎಂಟರಿಂದ ಹದಿನೈದು ಮೈಲಿ ಇದ್ದರೆ ಚೆನ್ನ; ಇಪ್ಪತ್ತು ದಾಟಿದರೆ ಸಂಡಿಗೆಗೆ ಹೊದಿಸಿದ ಪಂಚೆ ಹಾರುತ್ತದೆ, ಹಿಂದೆಯೇ ತಟ್ಟೆಯೂ ಹಾರುತ್ತದೆ. ಮಳೆಯ ಶೇಕಡಾವಾರು ಓದುವಾಗ ಒಂದು ಎಚ್ಚರ: ಅದು ಆ ಒಂದು ಗಂಟೆಯ ಲೆಕ್ಕ. ಹನ್ನೊಂದರಿಂದ ಐದರವರೆಗೆ ಪ್ರತಿ ಗಂಟೆಗೂ ಮೂವತ್ತು ಎಂದು ಬರೆದಿದ್ದರೆ, ದಿನದಲ್ಲಿ ಒಮ್ಮೆ ತೊಯ್ಯುತ್ತದೆ ಎಂದೇ ನಾನು ಲೆಕ್ಕ ಹಾಕುವುದು.

ಇಷ್ಟು ಎಲ್ಲರೂ ಮಾಡಬಹುದು. ನನ್ನ ಕೈ ಹಿಡಿದದ್ದು ಒತ್ತಡದ ನಕ್ಷೆ, ಅಂದರೆ ಸಮಾನ ಒತ್ತಡದ ಜಾಗಗಳನ್ನು ಜೋಡಿಸುವ ಐಸೋಬಾರ್ ಗೆರೆಗಳಿರುವ ಕಪ್ಪುಬಿಳುಪು ಚಾರ್ಟು. ಐದು ದಿನ ಮುಂದಿನವರೆಗೂ ಸಿಗುತ್ತದೆ. ಅದರ ಸಮಯ ಯುಟಿಸಿಯಲ್ಲಿ, ಅಂದರೆ ಗ್ರೀನಿಚ್ ಸಮಯದಲ್ಲಿ ಇರುತ್ತದೆ. ಮಾರ್ಚ್ ಕೊನೆಯ ಭಾನುವಾರ ಬೇಸಿಗೆ ಸಮಯ ಶುರುವಾದ ನಂತರ ಒಂದು ಗಂಟೆ ಕೂಡಿಸಿಕೊಳ್ಳಬೇಕು. ಇದನ್ನು ಮರೆತರೆ ಫ್ರಂಟ್, ಅಂದರೆ ಮೋಡ ಮಳೆ ತರುವ ಗಾಳಿಯ ಗಡಿ, ಬರುವ ಹೊತ್ತು ತಪ್ಪುತ್ತದೆ. "ಅಧಿಕ ಒತ್ತಡ ಬಂತು, ಇನ್ನು ಬಿಸಿಲು" ಎಂದು ಟಿವಿಯವರು ಹೇಳಿದ ಮಾತ್ರಕ್ಕೆ ಸಾಲದು. ಅಧಿಕ ಒತ್ತಡದ ನಡುಬಿಂದು ಎಲ್ಲಿ ಕೂತಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಸ್ಕಾಟ್ಲೆಂಡಿನ ಮೇಲೋ ಸ್ಕ್ಯಾಂಡಿನೇವಿಯಾದ ಕಡೆಗೋ ಕೂತರೆ ನಮಗೆ ಮೂಡಣ ಗಾಳಿ. ಉತ್ತರ ಸಮುದ್ರದ ತಣ್ಣನೆ ಮೋಡ ಯಾರ್ಕ್‌ಶೈರ್ ಕರಾವಳಿಗೆ ಅಂಟಿಕೊಳ್ಳುತ್ತದೆ. ಅದೇ ಗಾಳಿ ಯಾರ್ಕ್‌ಶೈರಿಗೂ ನಮಗೂ ನಡುವೆ ಇರುವ ಪೆನೈನ್ ಬೆಟ್ಟ ಹತ್ತಿ ನಮ್ಮ ಕಡೆ ಇಳಿಯುವಾಗ ಬಿಸಿಯಾಗಿ ಒಣಗುತ್ತದೆ, ಮೋಡ ಒಡೆಯುತ್ತದೆ. ಮ್ಯಾಂಚೆಸ್ಟರ್, ಸ್ಟಾಕ್‌ಪೋರ್ಟ್, ಚೆಷೈರ್ ಕಡೆಯವರಿಗೆ ಇದಕ್ಕಿಂತ ಒಳ್ಳೆಯ ದಿನವಿಲ್ಲ. ತೇವಾಂಶ ಶೇ 35ಕ್ಕೂ ಇಳಿದದ್ದನ್ನು ನನ್ನ ಮೀಟರ್ ತೋರಿಸಿದೆ. ಅದೇ ದಿನ ಪೂರ್ವ ಕರಾವಳಿಯ ನ್ಯೂಕಾಸಲ್, ಎಡಿನ್‌ಬರೋ ಕಡೆ ಕೆಟ್ಟ ದಿನ. ಅಲ್ಲಿ ಹಾರ್ ಎಂದೋ ಫ್ರೆಟ್ ಎಂದೋ ಕರೆಯುವ ಸಮುದ್ರದ ಮಂಜು ನುಗ್ಗುತ್ತದೆ. ಒಳನಾಡಿನಲ್ಲಿ ಇಪ್ಪತ್ತು ದಾಟಿದ್ದರೂ ಕಡಲತೀರ ಹತ್ತು ಹನ್ನೊಂದರಲ್ಲೇ ನಿಂತಿರುತ್ತದೆ. ಮೇ ತಿಂಗಳ ಬ್ಯಾಂಕ್ ಹಾಲಿಡೇಗೆ ಮಕ್ಕಳನ್ನು ಕಟ್ಟಿಕೊಂಡು ಅದೇ ಕರಾವಳಿಯ ಸ್ಕಾರ್‌ಬರೋಗೆ ಹೊರಡುವವರು ಮೊದಲು ಗಾಳಿಯ ದಿಕ್ಕು ನೋಡಿ. ಮೂಡಣವಿದ್ದರೆ ಕಾರು ಪಡುವಣಕ್ಕೆ ತಿರುಗಿಸಿ: ಫಾರ್ಮ್‌ಬಿ, ಆಂಗಲ್ಸೀ, ಲೇಕ್ ಡಿಸ್ಟ್ರಿಕ್ಟಿನ ಪಶ್ಚಿಮ. ಪೂರ್ವ ಕರಾವಳಿಯವರು ಸಂಡಿಗೆಗೆ ಕಾಯಬೇಕಾದದ್ದು ಪಡುವಣ ಗಾಳಿಯ ಒಣ ದಿನ. ಆಗ ಬೆಟ್ಟ ಇಳಿದು ಬರುವ ಗಾಳಿ ಅವರದು.

ಅಧಿಕ ಒತ್ತಡ ಇಂಗ್ಲೆಂಡಿನ ನೆತ್ತಿಯ ಮೇಲೇ ಕೂತರೆ ಬಿಸಿಲು ಸಿಗುತ್ತದೆ, ಆದರೆ ಗಾಳಿಯಿಲ್ಲ. ಅರ್ಧ ದಿನ ಹೆಚ್ಚು ಹಿಡಿಯುತ್ತದೆ. ನೈಋತ್ಯದಲ್ಲಿ, ಅಜೋರ್ಸ್ ದ್ವೀಪಗಳ ಕಡೆಯಿಂದ ನಾಲಿಗೆ ಚಾಚಿದಂತೆ ಬಂದಿದ್ದರೆ ಮೋಸ. ಒತ್ತಡ 1033 ಮಿಲಿಬಾರ್ ಇದ್ದರೂ ಅಟ್ಲಾಂಟಿಕ್ಕಿನ ತೇವ ಅದರ ಮುಚ್ಚಳದ ಕೆಳಗೆ ಸಿಕ್ಕಿಕೊಂಡು ದಿನವಿಡೀ ಸೀಸದ ಬಣ್ಣದ ಮೋಡ. ಪಶ್ಚಿಮಕ್ಕೆ ಕೂತು ಬಡಗಣ ಗಾಳಿ ತಂದರೆ ಅದು ಇನ್ನೊಂದು ಮೋಸ. ಬೆಳಿಗ್ಗೆ ಏಳಕ್ಕೆ ಒಂದು ಚೂರೂ ಮೋಡವಿಲ್ಲದ ಆಕಾಶ, ಹನ್ನೊಂದಕ್ಕೆ ಹತ್ತಿಯುಂಡೆಗಳು, ಒಂದು ಗಂಟೆಗೆ ಆಲಿಕಲ್ಲು. ನೆಲ ಬಿಸಿಯಾದಷ್ಟೂ ಮೇಲಿನ ತಣ್ಣನೆ ಗಾಳಿಯೊಳಗೆ ಮೋಡ ಎದ್ದುನಿಲ್ಲುತ್ತದೆ. ಏಪ್ರಿಲ್ ಬೆಳಗಿನ ಅತಿ ನೀಲಿ ಆಕಾಶ ನಂಬಿ ನನ್ನ ಪರಿಚಯದವರು ಕಳೆದುಕೊಂಡ ಹಿಟ್ಟು ಕಡಿಮೆಯಲ್ಲ. ಲಂಡನ್ನಿನವರಿಗೆ ಇಷ್ಟು ಗೋಳಿಲ್ಲ. ಆಗ್ನೇಯದಿಂದ ಖಂಡದ ಒಣ ಗಾಳಿ ಬಂದರೆ ಸಾಕು. 2025ರ ಮೇ 1ರಂದು ಕ್ಯೂ ಗಾರ್ಡನ್ಸ್‌ನಲ್ಲಿ 29.3 ಡಿಗ್ರಿ ಬಂದಿತ್ತಲ್ಲ, ಅಂಥ ದಿನ ಅವರಿಗೆ ಒಂದೇ ಹಗಲು ಸಾಕಾಗುತ್ತದೆ.

ಕ್ರಮ ಹೀಗೆ. ಐದು ದಿನ ಮೊದಲು ನಕ್ಷೆ. ಬುಧವಾರ ಮೆಟ್ ಆಫೀಸಿನವರು ಬಿಡುವ ಹತ್ತು ದಿನದ ವಿಡಿಯೊ ನೋಡಿದರೆ, ಹವಾಮಾನ ಲೆಕ್ಕ ಹಾಕುವ ಯುರೋಪಿಯನ್ ಕಂಪ್ಯೂಟರ್ ಮಾದರಿ ಅವರ ಮಾದರಿಯೊಂದಿಗೆ ಹೊಂದುತ್ತದೋ ಇಲ್ಲವೋ ತಿಳಿಯುತ್ತದೆ. ಎರಡೂ ಒಂದೇ ಮಾತಾಡಿದರೆ ಹಸಿಮೆಣಸು, ಜೀರಿಗೆ ತರಿಸಿ. ಹಿಂದಿನ ಸಂಜೆ ಗಂಟೆವಾರು ಪಟ್ಟಿ, ಬೆಳಿಗ್ಗೆ ಆರಕ್ಕೆ ಉಪಗ್ರಹ ಚಿತ್ರ ಮತ್ತು ಮಳೆ ರೇಡಾರ್. ಚಿತ್ರದಲ್ಲಿ ಮೋಡದ ಅಂಚು ನಮ್ಮತ್ತ ಸರಿಯುತ್ತಿದೆಯೋ ಕರಗುತ್ತಿದೆಯೋ ಎಂದು ನಾಲ್ಕು ಚಿತ್ರ ಹಿಂದೆಮುಂದೆ ಮಾಡಿ ನೋಡಿದರೆ ತಿಳಿದುಬಿಡುತ್ತದೆ. ಆಮೇಲೆಯೇ ಒಲೆ ಹಚ್ಚುವುದು. ಇದರಲ್ಲಿ ಒಂದು ಮೆಟ್ಟಿಲು ನಾನು ಬರೆದಿಲ್ಲ, ಅದು ಡಬ್ಬಿ ವಾಪಸು ಕೊಡುವವರಿಗೆ ಮಾತ್ರ.

ಹಿಟ್ಟಿಗೆ ಊರಿನ ಅಳತೆ ಇಲ್ಲಿ ನಡೆಯದು. ಊರಿನಲ್ಲಿ ಒಂದಕ್ಕೆ ನಾಲ್ಕೈದು ನೀರು ಹಾಕಿ ತೆಳ್ಳಗೆ ಬಿಡುತ್ತೇವೆ. ಇಲ್ಲಿ ಒಂದಕ್ಕೆ ಎರಡೂವರೆ, ಚಕ್ಕುಲಿ ಒರಳಿನಲ್ಲಿ ಸಣ್ಣ ಕಣ್ಣಿನ ಬಿಲ್ಲೆ. ಎಳೆಗಳ ನಡುವೆ ಗಾಳಿ ಹೋಗುವುದರಿಂದ ಒಣಗುವ ಹೊತ್ತು ಅರ್ಧಕ್ಕರ್ಧ ಕಡಿಮೆ. ಉಪ್ಪು ಮುಕ್ಕಾಲು ಪಾಲು ಮಾತ್ರ. ತೇವಾಂಶ ಶೇ 75 ದಾಟಿದರೆ ಉಪ್ಪು ಗಾಳಿಯಿಂದ ನೀರು ಎಳೆಯುತ್ತದೆ. ಇಲ್ಲಿನ ಚಳಿಗಾಲದಲ್ಲಿ ಡಬ್ಬಿ ತೆರೆದಾಗಲೆಲ್ಲ ಅದೇ ಆಗಿ ಸಂಡಿಗೆ ಮೆತ್ತಗಾಗುತ್ತದೆ.

ಪ್ಲಾಸ್ಟಿಕ್ ಹಾಳೆ ಬೇಡ, ಅಡಿ ಹಸಿಯೇ ಉಳಿಯುತ್ತದೆ. ಓವನ್ನಿನ ತಂತಿ ಜಾಲರಿ, ಮೇಲೆ ಬೇಕಿಂಗ್ ಪೇಪರ್. ಹುಲ್ಲಿನ ಮೇಲೆ ಇಡಬಾರದು, ಹುಲ್ಲೇ ತೇವ ಬಿಡುತ್ತದೆ. ಸೊಂಟದೆತ್ತರದ ಮೇಜು ಬೇಕು. ಎಂಟೂವರೆಗೆ ಒತ್ತಿ ಮುಗಿದಿರಬೇಕು. ಮೊದಲ ಮೂರು ಗಂಟೆ ಮಟ್ಟಸವಾಗಿ, ತೆಳು ಪಂಚೆ ಹೊದಿಸಿ. ಆಮೇಲೆ ಬಡಗಣ ಅಂಚಿನ ಕೆಳಗೆ ಇಟ್ಟಿಗೆ ಕೊಟ್ಟು ದಕ್ಷಿಣಕ್ಕೆ ಮೂವತ್ತು ಮೂವತ್ತೈದು ಡಿಗ್ರಿ ವಾಲಿಸಿ. ಏಪ್ರಿಲ್ ಇಪ್ಪತ್ತರ ಸುಮಾರಿಗೆ ಇಲ್ಲಿನ ಸೂರ್ಯ ನಡುಹಗಲಲ್ಲೂ ನಲವತ್ತೆಂಟು ಡಿಗ್ರಿ ಏರುವುದೇ ಹೆಚ್ಚು, ಮಟ್ಟಸವಾಗಿಟ್ಟರೆ ಬಿಸಿಲು ಜಾರಿಹೋಗುತ್ತದೆ. ಬೇಸಿಗೆ ಸಮಯದಿಂದಾಗಿ ನಡುಹಗಲು ಬರುವುದು ಒಂದು ಗಂಟೆಯ ನಂತರ ಎಂಬುದೂ ನೆನಪಿರಲಿ. ಮೂರು ಗಂಟೆಗೆ ಪೇಪರ್ ಬಿಡಿಸಿ ಮಗುಚಿ ಹಾಕಿ ಪಡುವಣಕ್ಕೆ ತಿರುಗಿಸಿ. ಆರಕ್ಕೆ ಒಳಗೆ ತನ್ನಿ, ಬಿಸಿಲು ಇನ್ನೂ ಇದ್ದರೂ ಸರಿಯೇ. ಏಳರ ಮೇಲೆ ತೇವಾಂಶ ಸರಸರ ಏರುತ್ತದೆ.

ಒಳಗೆ ತಂದ ಕೂಡಲೇ ತೂಗಬೇಕು. ಅರ್ಧ ಕೆಜಿ ಹಿಟ್ಟಿನ ಸಂಡಿಗೆ ಒತ್ತಿದಾಗ 1,600 ಗ್ರಾಮಿನ ಸುತ್ತಮುತ್ತ ಇರುತ್ತದೆ. ಮೊದಲ ಸಂಜೆಗೆ 800ಕ್ಕೆ ಇಳಿದಿದ್ದರೆ ನಿಶ್ಚಿಂತೆ. ಇಳಿಯದಿದ್ದರೆ ರಾತ್ರಿಯಿಡೀ ಫ್ಯಾನ್ ಕೆಳಗೆ. ಇಲ್ಲವಾದರೆ ಬೆಳಿಗ್ಗೆ ಹುಳಿ ವಾಸನೆ. ಬಿಸಿನೀರಿನ ಸಿಲಿಂಡರ್ ಇರುವ ಏರಿಂಗ್ ಕಪ್‌ಬೋರ್ಡ್ ಉಳ್ಳವರು ಪುಣ್ಯವಂತರು, ರಾತ್ರಿ ಅಲ್ಲೇ ಇಡಿ. ಕೊನೆಗೆ 530, 540ಕ್ಕೆ ಬಂದು, ಎರಡು ಗಂಟೆಯಲ್ಲಿ ಐದು ಗ್ರಾಮೂ ಇಳಿಯದಿದ್ದರೆ ಆಯಿತು ಎಂದರ್ಥ.

ಕೆಡುವುದು ಹೇಗೆಲ್ಲ? ಒಣ ಗಾಳಿ ಜೋರಾಗಿದ್ದಾಗ ಮೇಲ್ಪದರ ಬೇಗ ಗಟ್ಟಿಯಾಗಿ ಒಳಗೆ ತೇವ ಸಿಕ್ಕಿಕೊಳ್ಳುತ್ತದೆ; ಕರಿದಾಗ ನಡುವೆ ಕಲ್ಲು. ಮೊದಲ ಮೂರು ಗಂಟೆ ಪಂಚೆ ಹೊದಿಸುವುದು ಅದಕ್ಕೇ. ಪಂಚೆಗೆ ಇನ್ನೊಂದು ಕೆಲಸವೂ ಇದೆ: ಏಪ್ರಿಲ್, ಮೇ ತಿಂಗಳಲ್ಲಿ ಬರ್ಚ್ ಮರದ ಪರಾಗ ಹಳದಿ ಪುಡಿಯಾಗಿ ಉದುರುತ್ತದೆ, ಅಲರ್ಜಿ ಇರುವವರ ಮನೆಯಲ್ಲಿ ಆ ಸಂಡಿಗೆ ತಿನ್ನಲಾಗದು. ರಾತ್ರಿ ಹೊರಗೆ ಬಿಟ್ಟರೆ ಮೇ ತಿಂಗಳಲ್ಲೂ ನೆಲದ ಹಿಮ ಹಿಡಿಯಬಹುದು. ಹಸಿ ಸಂಡಿಗೆ ಹೆಪ್ಪುಗಟ್ಟಿ ಕರಗಿದರೆ ಸ್ಪಂಜಿನಂತಾಗಿ ಪುಡಿಯಾಗುತ್ತದೆ. ಅಳಿಲು, ಮ್ಯಾಗ್‌ಪೈಗಳಿಗೆ ತೋಟದ ಬಲೆ ಸಾಕು. ಮೊದಲ ಬೆಚ್ಚನೆ ಶನಿವಾರ ಇಡೀ ಬೀದಿಯೇ ಬಾರ್ಬೆಕ್ಯೂ ಹೊತ್ತಿಸುತ್ತದೆ, ಅದಕ್ಕೆ ಮದ್ದಿಲ್ಲ. ವಾರದ ದಿನ ಹಾಕಿ.

ಖರ್ಚು. ಅರ್ಧ ಕೆಜಿ ಅಕ್ಕಿ ಹಿಟ್ಟು, ಮೆಣಸು, ಇಂಗು, ಗ್ಯಾಸ್ ಎಲ್ಲ ಸೇರಿ ಒಂದೂವರೆ ಪೌಂಡಿನ ಸುಮಾರು. ಅಂಗಡಿಯಲ್ಲಿ ಇನ್ನೂರು ಗ್ರಾಮಿನ ಪೊಟ್ಟಣಕ್ಕೆ ಹತ್ತಿರ ಹತ್ತಿರ ಎರಡು ಪೌಂಡ್, ಅದೂ ಬರೀ ಉಪ್ಪು. ತೇವಾಂಶದ ಮೀಟರಿಗೆ ಎಂಟು ಹತ್ತು ಪೌಂಡ್, ಬಲೆಗೆ ಐದು. ಡಿಹೈಡ್ರೇಟರ್‌ಗೆ ಐವತ್ತು ಸುರಿದೆ. ಹತ್ತು ಗಂಟೆ ಓಡಿಸಿದರೆ ಒಂದೂಕಾಲು ಪೌಂಡ್ ಕರೆಂಟು, ಹಿಡಿಸುವುದು ಕಾಲು ಭಾಗ ಸಂಡಿಗೆ. ಅದೀಗ ಅಟ್ಟದಲ್ಲಿದೆ.

ಪಕ್ಕದ ಪ್ರಯೋಗಗಳೂ ನಡೆದಿವೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ತಟ್ಟೆ ಇಟ್ಟರೆ ಒಳಗೆ ನಲವತ್ತು ದಾಟುತ್ತದೆ, ಆದರೆ ಎಲ್ಲ ಕಿಟಕಿ ಎರಡು ಬೆರಳು ಇಳಿಸದಿದ್ದರೆ ಗಾಜಿನ ಮೇಲೆ ನೀರು ಕೂತು ಅಲ್ಲೇ ಸುತ್ತುತ್ತದೆ. ಇಳಿಸಿದರೆ ಗಾಳಿ ಕಡಿಮೆಯಿರುವ ದಿನಕ್ಕೆ ಇದು ಒಳ್ಳೆಯ ಉಪಾಯ. ಇಂಗಿನ ವಾಸನೆ ವಾರಗಟ್ಟಲೆ ಕಾರಿನಲ್ಲಿ ಉಳಿಯುತ್ತದೆ, ಲಿಫ್ಟ್ ಕೇಳುವವರೂ ಕಡಿಮೆಯಾಗುತ್ತಾರೆ. ಅರಳು ಸಂಡಿಗೆ ಹಗುರವಾದ್ದರಿಂದ ಇಲ್ಲಿನ ಬಿಸಿಲಿಗೆ ಹೇಳಿ ಮಾಡಿಸಿದ್ದು, ಆದರೆ ಬೂದುಗುಂಬಳದ ಬೆಲೆ ಕೇಳಿದರೆ ಆಸೆ ಇಳಿಯುತ್ತದೆ. ಸಬ್ಬಕ್ಕಿ ಸಂಡಿಗೆಗೆ ಮೂರು ದಿನ ಬೇಕು, ಮೂರನೆಯ ದಿನದ ತೇವಾಂಶವನ್ನು ಹಿಂದಿನ ವಾರವೇ ನಂಬಿ ಹಾಕುವಂತಿಲ್ಲ. ಬಾಳಕದ ಮೆಣಸಿನಕಾಯಿ ಇನ್ನೂ ಪೂರ್ತಿ ಕೈಗೆ ಬಂದಿಲ್ಲ. ಸೂಪರ್‌ಮಾರ್ಕೆಟ್ಟಿನ ದಪ್ಪ ಸಿಪ್ಪೆಯ ಮೆಣಸು ಒಳಗೇ ಬೂಸು ಹಿಡಿಯುತ್ತದೆ; ಭಾರತೀಯ ಅಂಗಡಿಯ ತೆಳು ಮೆಣಸನ್ನೇ ಸೀಳಿ ಹಾಕಬೇಕು. ರಾತ್ರಿ ಮಜ್ಜಿಗೆ, ಹಗಲು ಬಿಸಿಲು ಎಂದು ಐದಾರು ದಿನ ಬಿಡುವಿಲ್ಲದೆ ಮೂಡಣ ಗಾಳಿ ಬೇಕು. 2025ರಲ್ಲಿ ಅಂಥ ವಾರ ಸಿಕ್ಕಿತು. ಉಳಿದ ವರ್ಷಗಳಲ್ಲಿ ಮೂರನೆಯ ದಿನಕ್ಕೆ ಕೈಬಿಟ್ಟು, ಓವನ್ನನ್ನು ಐವತ್ತು ಡಿಗ್ರಿಗೆ ಇಟ್ಟು ಬಾಗಿಲಿಗೆ ಮರದ ಸೌಟು ಸಿಕ್ಕಿಸಿ ಮುಗಿಸಿದ್ದೇನೆ. ಬಣ್ಣ ಸ್ವಲ್ಪ ಕಂದುತ್ತದೆ, ಮೊಸರನ್ನದ ಜೊತೆ ಯಾರೂ ಗುರುತಿಸುವುದಿಲ್ಲ.