‘ಡ್ರಾಕುಲಾ’ದಲ್ಲಿ ಯಾರ ಗತಿ ಏನು? ಮೊದಲೇ ಊಹಿಸುವುದು ಹೀಗೆ

1897ರಲ್ಲಿ ಬಂದ ಬ್ರಾಮ್ ಸ್ಟೋಕರ್‌ನ ರಕ್ತಪಿಶಾಚಿ ಕಾದಂಬರಿ ‘ಡ್ರಾಕುಲಾ’ ಓದಲು ಶುರು ಮಾಡಿದ್ದೀರಾ? ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಹೊಸ ಪಾತ್ರ ಬಂದ ಕೂಡಲೇ ಹೆಸರು ಬರೆದು, ಅವರು ಉಳಿಯುತ್ತಾರೋ ಇಲ್ಲವೋ ಅಂತ ಊಹೆ ಬರೆಯಿರಿ. ಉದಾಹರಣೆಗೆ ಅಂತ ಮೊದಲರ್ಧದ ಕಥೆ ಸ್ವಲ್ಪ ಬಿಟ್ಟುಕೊಡುತ್ತೇನೆ, ಕೊನೆಯನ್ನು ಖಂಡಿತ ಹೇಳುವುದಿಲ್ಲ.

ಮೊದಲು, ಬರೆಯುತ್ತಿರುವವರು ಯಾರು ನೋಡಿ. ಇಡೀ ಕಥೆ ಡೈರಿ, ಪತ್ರ, ಟೆಲಿಗ್ರಾಂ, ಪತ್ರಿಕೆಯ ಸುದ್ದಿಗಳಲ್ಲೇ ಇದೆ. ಡೈರಿ ಬರೆದವರು ಆ ದಿನದ ಮಟ್ಟಿಗೆ ಬದುಕಿದ್ದಾರೆ, ಅಷ್ಟೇ. ಡಿಮೀಟರ್ ಹಡಗಿನ ಕ್ಯಾಪ್ಟನ್ ಬರೆದದ್ದು ನಮಗೆ ಸಿಗುವುದು ಪತ್ರಿಕೆಯಲ್ಲಿ, ಅಷ್ಟೊತ್ತಿಗೆ ಅವನು ಇಲ್ಲ. ಕೈಗೆ ಪೆನ್ನೇ ಹೆಚ್ಚು ಸಿಗದ ಪಾತ್ರಗಳ ಮೇಲೂ ಒಂದು ಕಣ್ಣಿರಲಿ.

ನನಗೆ ಎಲ್ಲಕ್ಕಿಂತ ಜಾಸ್ತಿ ನಂಬಿಕೆ ಇರುವ ಸುಳಿವು ಬೇರೆಯೇ: ಯಾರು ಯಾರಿಂದ ಏನನ್ನು ಮುಚ್ಚಿಡುತ್ತಿದ್ದಾರೆ? ದಿನೇ ದಿನೇ ಸೊರಗುತ್ತಿರುವ ಯುವತಿ ಲೂಸಿಯ ತಾಯಿಗೆ ಹೃದ್ರೋಗ, ಹೆಚ್ಚು ದಿನ ಬದುಕುವುದಿಲ್ಲ ಅಂತ ಅವರಿಗೆ ಗೊತ್ತು, ಮಗಳಿಗೆ ಹೇಳುವುದಿಲ್ಲ. ಆಘಾತ ತಡೆಯಲಾರರು ಅಂತ ಡಾಕ್ಟರುಗಳು ಮಗಳ ಸ್ಥಿತಿಯನ್ನು ತಾಯಿಗೆ ಹೇಳುವುದಿಲ್ಲ. ಲೂಸಿಗೆ ಚಿಕಿತ್ಸೆ ಕೊಡುವ ಡಾಕ್ಟರ್ ವ್ಯಾನ್ ಹೆಲ್ಸಿಂಗ್ ಅವಳ ಕೋಣೆಯ ತುಂಬ ಬೆಳ್ಳುಳ್ಳಿ ಹೂ ಇಡಿಸಿ ಕಿಟಕಿ ಮುಚ್ಚಿಸಿ ಹೋದರೆ, ಪಾಪ ಆ ತಾಯಿ ರಾತ್ರಿ ಬಂದು, ವಾಸನೆಗೆ ಮಗಳಿಗೆ ಉಸಿರು ಕಟ್ಟೀತು ಅಂತ ಹೂ ತೆಗೆದುಹಾಕಿ ಕಿಟಕಿಯನ್ನೂ ತುಸು ತೆರೆದುಬಿಡುತ್ತಾರೆ. ಎಲ್ಲರದೂ ಪ್ರೀತಿಯೇ ಅಲ್ವಾ? ಆದರೂ ಅಪಾಯಕ್ಕೆ ದಾರಿ ಅಲ್ಲೇ ಆಯಿತು. ‘ಅವಳಿಗೆ ಹೇಳುವುದು ಬೇಡ’ ಅನ್ನುವ ಅರ್ಥದ ಮಾತು ಬಂದ ಕಡೆಯೆಲ್ಲ ಗೆರೆ ಎಳೆಯಿರಿ.

ಒಳ್ಳೆಯವರು ಉಳಿಯುತ್ತಾರೆ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನಿದ್ದೆಯಲ್ಲಿ ನಡೆಯುವುದು, ಬಾವಲಿ, ತೋಳ, ಇವೆಲ್ಲ ಅಪಾಯ ಹತ್ತಿರ ಇದೆ ಅಂತ ಹೇಳುತ್ತವೆ, ಯಾರಿಗೆ ಅಂತ ಯಾವಾಗಲೂ ಹೇಳುವುದಿಲ್ಲ. ಹುಚ್ಚಾಸ್ಪತ್ರೆಯಲ್ಲಿದ್ದು ನೊಣ, ಜೇಡ, ಹಕ್ಕಿ ತಿನ್ನುವ ರೆನ್‌ಫೀಲ್ಡ್‌ನನ್ನು ಸುಮ್ನೆ ಹುಚ್ಚ ಅಂತ ದಾಟಬೇಡಿ. ಅವನು ಕೆರಳಿದ ದಿನ, ಶಾಂತನಾದ ದಿನ ಗುರುತು ಹಾಕಿ, ಉಳಿದವರ ಡೈರಿಯ ತಾರೀಖುಗಳ ಜೊತೆ ಹೋಲಿಸಿ.

18ನೇ ಅಧ್ಯಾಯದಲ್ಲಿ ತಪ್ಪದೆ ನಿಲ್ಲಿ. ಎಲ್ಲರ ಡೈರಿಗಳನ್ನೂ ಟೈಪ್ ಮಾಡಿ ತಾರೀಖಿನ ಪ್ರಕಾರ ಜೋಡಿಸಿಕೊಟ್ಟವಳು ಲೂಸಿಯ ಗೆಳತಿ ಮೀನಾ. ಇನ್ನು ಮುಂದಿನದು ಅವಳಿಗೆ ತಿಳಿಯುವುದು ಬೇಡ ಅಂತ ಗಂಡಸರು ಅಲ್ಲಿ ತೀರ್ಮಾನಿಸುತ್ತಾರೆ. ಮುಂದಿನ ಪುಟ ತಿರುಗಿಸುವ ಮೊದಲು ಅವಳ ಹೆಸರಿನ ಮುಂದೆ ನಿಮ್ಮ ಊಹೆ ಬರೆಯಿರಿ, ಕಾರಣದ ಸಮೇತ.