ಪಾಲಿ ಕರಗಿಸುವಾಗ ಗಂಟು ಕಟ್ಟದಿರಲು

ಕಾರ್ಖಾನೆಗಳ ತ್ಯಾಜ್ಯನೀರು ಘಟಕದಲ್ಲಿ ‘ಪಾಲಿ’ ಎಂದು ಕರೆಯುವ ಬಿಳಿ ಪುಡಿ ಹೆಚ್ಚಾಗಿ ಆನಯಾನಿಕ್ (ಋಣಾವೇಶದ) ಪಾಲಿಅಕ್ರಿಲಮೈಡ್. ಆಲಂ (ಪಟಿಕ) ಹಾಕಿದಾಗ ಮೂಡುವ ಸಣ್ಣ ಕಣಗಳನ್ನು ಇದರ ಎಳೆಯಂಥ ಉದ್ದನೆಯ ಅಣುಗಳು ಒಂದಕ್ಕೊಂದು ಕಟ್ಟಿ ತಳಕ್ಕಿಳಿಸುತ್ತವೆ. ಎಳೆ ಪೂರ್ತಿ ಬಿಚ್ಚಿಕೊಂಡರೆ ಮಾತ್ರ ಈ ಕೆಲಸ ಆಗುತ್ತದೆ. ಬಹುತೇಕ ಕಡೆ ಕೆಡುವುದೂ ಅಲ್ಲೇ.

ಅಳತೆ: 100 ಲೀಟರ್ ನೀರಿಗೆ 100 ಗ್ರಾಂ ಪುಡಿ, ಅಂದರೆ ಶೇ 0.1. ಪ್ಲಾಸ್ಟಿಕ್ ಡ್ರಮ್ಮೇ ಇರಲಿ, ತುಕ್ಕು ಹಿಡಿದ ಕಬ್ಬಿಣ ಬೇಡ. ಕ್ಲೋರಿನ್ ಹೆಚ್ಚಿರುವ ನೀರೂ ಬೇಡ. ಎರಡೂ ಎಳೆಯನ್ನು ತುಂಡರಿಸುತ್ತವೆ.

ಉದುರಿಸುವುದು: ಮೊದಲು ಸ್ಟಿರರ್ ಚಾಲೂ ಮಾಡಿ, ನೀರಿನಲ್ಲಿ ಸುಳಿ ಏಳಲಿ. ಪುಡಿಯನ್ನು ಸುಳಿಯ ಇಳಿಜಾರಿಗೆ, ಒಣ ಕೈಯಿಂದ ಅಥವಾ ಜರಡಿಯಿಂದ, ರಂಗೋಲಿ ಪುಡಿ ಉದುರಿಸಿದಷ್ಟು ತೆಳುವಾಗಿ ಬಿಡಿ. 100 ಗ್ರಾಮಿಗೆ ಮೂರ್ನಾಲ್ಕು ನಿಮಿಷ ಹಿಡಿಯಲಿ. ಒಮ್ಮೆಲೇ ಸುರಿದರೆ ಮುದ್ದೆಯಲ್ಲಿ ಹಿಟ್ಟಿನ ಗಂಟು ಉಳಿದಂತೆ: ಹೊರಪದರ ನೀರು ಕುಡಿದು ಲೋಳೆಯಾಗುತ್ತದೆ, ಒಳಗೆ ಒಣ ಪುಡಿ ಹಾಗೇ ಕೂರುತ್ತದೆ. ಆ ಗಂಟು ದಿನವಿಡೀ ತಿರುಗಿಸಿದರೂ ಕರಗದು. ಕೊನೆಗೆ ದ್ರಾವಣವನ್ನು ಅಳತೆಯಲ್ಲಿ ಬಿಡುವ ಡೋಸಿಂಗ್ ಪಂಪಿನ ವಾಲ್ವ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ಕೆಲಸ ಉಳಿಸಲು ಪುಡಿಯನ್ನು ನೇರವಾಗಿ ತ್ಯಾಜ್ಯನೀರಿನ ಟ್ಯಾಂಕಿಗೆ ಎರಚುವವರಿದ್ದಾರೆ. ಅದು ಹಣವನ್ನು ಕೆಸರಿಗೆ ಎಸೆದ ಹಾಗೆ.

ಕಲಕುವುದು: ಪುಡಿ ಮುಗಿದ ಮೇಲೆ ವೇಗ ತಗ್ಗಿಸಿ, 45ರಿಂದ 60 ನಿಮಿಷ ನಿಧಾನವಾಗಿ ತಿರುಗಲಿ. ಬೇಗ ಆಗಲೆಂದು ಜೋರು ಮಿಕ್ಸರ್ ಅಥವಾ ಸೆಂಟ್ರಿಫ್ಯೂಗಲ್ ಪಂಪ್ ಬಳಸಿದರೆ ಎಳೆ ತುಂಡಾಗುತ್ತದೆ, ದ್ರಾವಣ ತೆಳ್ಳಗಾಗುತ್ತದೆ. ಸ್ಕ್ರೂ ಪಂಪ್ ಒಳ್ಳೆಯದು. ಸರಿಯಾದ ದ್ರಾವಣದಲ್ಲಿ ಕಡ್ಡಿ ಅದ್ದಿ ಎತ್ತಿದರೆ ನೂಲಿನಂತೆ ಎಳೆ ಬರುತ್ತದೆ, ಬಿಳಿ ಚುಕ್ಕೆ ಕಾಣದು. ಒಂದೇ ದಿನಕ್ಕೆ ಆಗುವಷ್ಟು ಮಾಡಿಕೊಳ್ಳಿ.

ಪ್ರಮಾಣ: ಜಾರ್ ಟೆಸ್ಟ್ ಬಿಟ್ಟು ಬೇರೆ ದಾರಿಯಿಲ್ಲ. 1 ಲೀಟರ್ ತ್ಯಾಜ್ಯನೀರಿಗೆ ಆಲಂ ಹಾಕಿ ಒಂದು ನಿಮಿಷ ಜೋರಾಗಿ ಕಲಕಿ, ಪಿಎಚ್ 6.5ರಿಂದ 7.5ರೊಳಗೆ ತನ್ನಿ. ಆಮೇಲೆ ಪಾಲಿ ದ್ರಾವಣ ಸೇರಿಸಿ ಐದು ನಿಮಿಷ ಮೆಲ್ಲಗೆ ತಿರುಗಿಸಿ. 1 ಮಿ.ಲೀ. ದ್ರಾವಣ ಹಾಕಿದರೆ 1 ಪಿಪಿಎಂ (ಲೀಟರಿಗೆ 1 ಮಿ.ಗ್ರಾಂ) ಆಗುತ್ತದೆ, 0.5, 1, 2 ಮಿ.ಲೀ. ಹೀಗೆ ಮೂರು ಬೀಕರ್‌ಗಳಲ್ಲಿ ನೋಡಿ. ಆಲಂಗಿಂತ ಮೊದಲು ಪಾಲಿ ಹಾಕಬೇಡಿ. ಕೊಳೆಯ ಕಣವೂ ಪಾಲಿಯೂ ಋಣಾವೇಶದವು, ಒಂದನ್ನೊಂದು ದೂಡುತ್ತವೆ. ಹೆಚ್ಚು ಹಾಕಿದರೂ ನೀರು ಮತ್ತೆ ಕದಡುತ್ತದೆ, ಫಿಲ್ಟರ್ ಅಂಟಂಟಾಗಿ ಕಟ್ಟಿಕೊಳ್ಳುತ್ತದೆ.

ಚೀಟಿಯಿಲ್ಲದ ಬಿಡಿ ಪುಡಿ ಕೊಳ್ಳಲೇಬೇಡಿ. ಕ್ಯಾಟಯಾನಿಕ್ (ಧನಾವೇಶದ) ಪಾಲಿಯೂ ನೋಡಲು ಹೀಗೇ ಇರುತ್ತದೆ. ಎರಡೂ ಒಂದೇ ಡ್ರಮ್ಮಿಗೆ ಬಿದ್ದರೆ ದಾರದಂಥ ಗಸಿ ನಿಲ್ಲುತ್ತದೆ.

ನೆಲಕ್ಕೆ ಚೆಲ್ಲಿದ ಪುಡಿಗೆ ನೀರು ಹಾಕಬೇಡಿ, ಕಾಲಿಟ್ಟರೆ ಜಾರುತ್ತದೆ. ಒಣಗಿದ್ದಾಗಲೇ ಗುಡಿಸಿ, ಒದ್ದೆಯಾಗಿದ್ದರೆ ಮರಳು ಅಥವಾ ಮರದ ಹೊಟ್ಟು ಹರಡಿ ಬಳಿದು ತೆಗೆಯಿರಿ.