ಕಡಿಮೆ ದುಡ್ಡಿನಲ್ಲಿ ಕೋಲಾರ: ಮೊದಲ ಸಲ ಹೋಗುವವರಿಗೆ

ಕೋಲಾರವನ್ನು ಜಾಸ್ತಿ ಜನ ನೋಡಿರುವುದು ತಿರುಪತಿಗೋ ಚೆನ್ನೈಗೋ ಹೋಗುವ ಬಸ್ಸಿನ ಕಿಟಕಿಯಿಂದ. ನಾನು ಮೊದಲ ಸಲ ಇಳಿದಾಗ ಮಧ್ಯಾಹ್ನ ಹನ್ನೆರಡು ಗಂಟೆ. ಬಿಸಿಲು, ಧೂಳು, ಹಾರ್ನ್ ಸದ್ದು. ಏನೂ ಇಲ್ಲ ಅಂದುಕೊಂಡು ವಾಪಸ್ ಬಂದೆ. ಎರಡನೇ ಸಲ ಬೆಳಿಗ್ಗೆ ಹೋದೆ, ಊರೇ ಬೇರೆ ಕಂಡಿತು.

ಹಾಗಾಗಿ ಬೆಳಕು ಹರಿಯುವ ಮೊದಲೇ ಬೆಂಗಳೂರಿನ ಮೆಜೆಸ್ಟಿಕ್‌ನಿಂದ ಸಾದಾ ಸರ್ಕಾರಿ ಬಸ್ಸು ಹಿಡಿಯಿರಿ. ದೂರ ಸುಮಾರು 70 ಕಿಲೋಮೀಟರ್. ಹೆಣ್ಣುಮಕ್ಕಳು ಆಧಾರ್ ಮರೆಯಬೇಡಿ, ಶಕ್ತಿ ಯೋಜನೆಯಲ್ಲಿ ಟಿಕೆಟ್ ಉಚಿತ. ಬ್ಯಾಗು ಹಗುರ ಇರಲಿ, ಇಡೀ ದಿನ ನೀವೇ ಹೊರಬೇಕು.

ಇಳಿದ ತಕ್ಷಣ ಎಪಿಎಂಸಿಗೆ ಹೋಗಿ. ಟೊಮೆಟೊ ಮಾರುಕಟ್ಟೆ ಅಂದರೆ ನಾಲ್ಕು ಗಾಡಿ ಅಂದುಕೊಳ್ಳಬೇಡಿ, ಏಷ್ಯಾದ ದೊಡ್ಡ ಮಾರುಕಟ್ಟೆಗಳಲ್ಲಿ ಇದೂ ಒಂದು. ಜುಲೈ, ಆಗಸ್ಟ್ ಹೊತ್ತಿಗೆ ಹೋದರೆ ಕಣ್ಣು ಹಾಯಿಸಿದಷ್ಟೂ 15 ಕೆಜಿ ಬಾಕ್ಸ್‌ಗಳು, ನಡುವೆ ಒಬ್ಬರು ನಡೆಯುವಷ್ಟು ಜಾಗ, ಕಾಲಡಿ ಒಡೆದ ಹಣ್ಣಿನ ರಸ, ಒಂದು ಕಡೆ ಹರಾಜು ಕೂಗುವವರು, ಪಕ್ಕದಲ್ಲೇ ತನ್ನ ಬಾಕ್ಸಿಗೆ ಎಷ್ಟು ಬೀಳುತ್ತದೋ ಅಂತ ಬಾಯಿ ಬಿಡದೆ ನಿಂತಿರುವ ರೈತ. ಆ ಮುಖ ನೋಡಿದ ಮೇಲೆ ನಾನು ಅಂಗಡಿಯಲ್ಲಿ ಟೊಮೆಟೊಗೆ ಚೌಕಾಸಿ ಮಾಡಿಲ್ಲ. ಹಮಾಲರ ದಾರಿಗೆ ಮಾತ್ರ ಅಡ್ಡ ನಿಲ್ಲಬೇಡಿ. ಫೋಟೋ ತೆಗೆಯುವ ಮುಂಚೆ ಒಂದು ಮಾತು ಕೇಳಿ. ಕನ್ನಡದ ಜೊತೆ ತೆಲುಗು, ಉರ್ದು ಕಿವಿಗೆ ಬೀಳುತ್ತದೆ. ನೀವು ಕನ್ನಡದಲ್ಲೇ ಮಾತಾಡಿ, ಏನೂ ತೊಂದರೆ ಇಲ್ಲ.

ಬಿಸಿಲು ಏರುವ ಮುಂಚೆ ಅಂತರಗಂಗೆ ಹತ್ತಿಬಿಡಿ. ಬೆಟ್ಟ ಊರಿಗೆ ಅಂಟಿಕೊಂಡೇ ಇದೆ. ಮೆಟ್ಟಿಲು ಹತ್ತಿದರೆ ಕಲ್ಲಿನ ಬಸವನ ಬಾಯಿಂದ ನೀರು ಬೀಳುತ್ತಿರುತ್ತದೆ. ವರ್ಷವಿಡೀ ಹರಿಯುವ ನದಿಯಿಲ್ಲದ, ಬೋರ್‌ವೆಲ್ ಆಳಕ್ಕೆ ಇಳಿದಿರುವ ಸೀಮೆಯಲ್ಲಿ ಬಂಡೆಯೊಳಗಿಂದ ಬರುವ ನೀರು ಅದು. ಸುಮ್ನೆ ಕೈಯೊಡ್ಡಿ ಸ್ವಲ್ಪ ಹೊತ್ತು ನಿಲ್ಲಿ. ಕೋತಿಗಳು ಜಾಸ್ತಿ, ತಿಂಡಿ ಕೈಯಲ್ಲಿ ಹಿಡಿಯಬೇಡಿ, ಬ್ಯಾಗಿನ ಜಿಪ್ ಪೂರ್ತಿ ಎಳೆದಿರಲಿ. ಮೇಲಿನ ಗುಹೆಗಳಿಗೆ ಒಬ್ಬರೇ ನುಗ್ಗಬೇಡಿ, ದಾರಿ ಗೊತ್ತಿರುವ ಊರಿನವರು ಜೊತೆಗಿರಲಿ.

ಕೆಳಗಿಳಿದು ಕೋಲಾರಮ್ಮನ ಗುಡಿ. ಚೋಳರ ಕಾಲದ್ದು, ಗೋಡೆಗಳಲ್ಲಿ ಶಾಸನಗಳಿವೆ. ಇಲ್ಲಿ ಚೇಳಮ್ಮ ಅಂತ ಇನ್ನೊಬ್ಬ ದೇವತೆ ಇದ್ದಾಳೆ, ಹರಕೆ ಹೊತ್ತರೆ ಚೇಳು ಕಡಿಯುವುದಿಲ್ಲ ಅಂತ ಜನರ ನಂಬಿಕೆ. ಅವಳ ಮುಂದಿನ ಹುಂಡಿ ನೆಲದಲ್ಲೇ ಕೊರೆದದ್ದು. ತಪ್ಪದೆ ನೋಡಿ. ವಿಜಯನಗರ ಕಾಲದ ಸೋಮೇಶ್ವರ ದೇವಸ್ಥಾನಕ್ಕೆ ಅಲ್ಲಿಂದ ನಡೆದೇ ಹೋಗಬಹುದು.

ಊಟಕ್ಕೆ ಮುದ್ದೆ ಸಿಗುವ ಸಣ್ಣ ಹೋಟೆಲ್ ಹುಡುಕಿ. ಬಸ್ಸಾರೋ ಸೊಪ್ಪಿನ ಸಾರೋ, ಅವತ್ತು ಮಾಡಿದ್ದನ್ನು ತಿನ್ನಿ.

ವಾಪಸ್ ಬರುವಾಗ ಬಂದ ದಾರಿ ಬೇಡ. ಸಂಜೆ ಬಸ್ಸಿನಲ್ಲಿ ಬಂಗಾರಪೇಟೆಗೆ ಹೋಗಿ, ಬೆಂಗಳೂರಿಗೆ ರೈಲು ಅಲ್ಲಿಂದ ಸಿಗುತ್ತದೆ. ಸ್ಟೇಷನ್‌ಗೆ ಹೋಗುವ ಮುಂಚೆ ಅಲ್ಲಿನ ಪಾನಿಪುರಿ ತಿನ್ನಿ. ಪಾನಿ ಹಸಿರಲ್ಲ, ಕುಡಿಯುವ ನೀರಿನ ಹಾಗೆ ತಿಳಿಯಾಗಿರುತ್ತದೆ. ಖಾರ ಗೊತ್ತಾಗುವುದು ಬಾಯಿಗಿಟ್ಟ ಮೇಲೆ.